ಅವಳು ತುಂಬಿಟ್ಟ ತೋಟಾ

"ಗುರುಗಳೇ, ನಾನು ಹೋಗಿ ಸುಮ್ಮನೆ ಕೂತು ಬಂದರೆ ಅವನಿಗೆ ಏನು ಬಂತು?" ಎಂದು ಅಡವಯ್ಯ ಕೇಳಿದ.

ಕೆರೆಯಾಚೆ ಒಬ್ಬ ಗಾಣಿಗನಿದ್ದ. ಬಿತ್ತನೆಯ ಹೊತ್ತಿಗೆ ಅವನ ಹೆಂಡತಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಗಾಣ ಕಟ್ಟಿರಲಿಲ್ಲ. ಹೊಸಿಲು ದಾಟಿರಲಿಲ್ಲ. ಯಾರ ಜೊತೆಗೂ ಮಾತಾಡಿರಲಿಲ್ಲ. ಗುರುಗಳು ತಮ್ಮ ಶಿಷ್ಯ ಅಡವಯ್ಯನನ್ನು ಕರೆದು, ದಿನಾ ಸಂಜೆ ಗಾಣಿಗನ ಮನೆಗೆ ಹೋಗಿ ಸ್ವಲ್ಪ ಹೊತ್ತು ಕೂತು ಬಾ ಎಂದಿದ್ದರು. ಅಡವಯ್ಯ ಹೋಗುತ್ತಿದ್ದ. ಗಾಣಿಗ ಗೋಡೆಗೆ ಒರಗಿ ಕೂತಿರುತ್ತಿದ್ದ. ಇವನು ಬಾಗಿಲ ಬಳಿ ಕೂರುತ್ತಿದ್ದ. ಅವನು ಬಾ ಅನ್ನುತ್ತಿರಲಿಲ್ಲ, ಹೋಗು ಅನ್ನುತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಇವನು ಎದ್ದು ಬರುತ್ತಿದ್ದ.

ನಿನ್ನೆ ಅಡವಯ್ಯ ಹೋಗಿರಲಿಲ್ಲ. ಸೌದೆ ತರುವ ನೆವ ಮಾಡಿಕೊಂಡು ಗುಡ್ಡದ ಕಡೆಗೆ ಹೋಗಿಬಿಟ್ಟಿದ್ದ.

"ಸಮಾಧಾನ ಹೇಳೋಣವೆಂದರೆ ನನಗೆ ಮಾತು ಬರುವುದಿಲ್ಲ. ಏನಾದರೂ ಕೆಲಸ ಮಾಡಿಕೊಡೋಣವೆಂದರೆ ಅವನು ಒಂದೂ ಹೇಳುವುದಿಲ್ಲ. ಆ ಮನೆಯ ಕಂಬಕ್ಕೂ ನನಗೂ ಏನು ವ್ಯತ್ಯಾಸ?"

ಗುರುಗಳು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಕೂತುಕೋ ಎಂದು ಕೈಯಲ್ಲೇ ತೋರಿಸಿದರು. ಒಂದಿಷ್ಟು ಹಣ್ಣನ್ನು ಅವನ ಮುಂದಕ್ಕೂ ಸರಿಸಿದರು. ಆಮೇಲೆ ಈ ಕತೆ ಹೇಳಿದರು.

ಗುಡ್ಡದ ಅಂಚಿನ ಒಂದು ಊರಿನಲ್ಲಿ ಒಬ್ಬ ಕಾವಲುಗಾರನಿದ್ದ. ಊರಿನ ರಾಗಿ ಹೊಲಗಳೆಲ್ಲ ಅವನ ಕಾವಲಿನಲ್ಲಿದ್ದವು. ಅವನ ಹತ್ತಿರ ಒಂದು ಕೋವಿ ಇತ್ತು. ನಳಿಗೆಯ ಒಳಗೆ ತಿರುವು ಗೀರು ಕೊರೆದಿರುವ ಕೋವಿ. ಪೇಟೆಯವರು ಅದನ್ನು ರೈಫಲ್ ಅನ್ನುತ್ತಾರೆ. ಅದಕ್ಕೆ ಹಾಕುವುದು ಹಿತ್ತಾಳೆಯ ತೋಟಾ. ಬೆರಳುದ್ದದ ಒಂದು ಕೊಳವೆ, ಅಷ್ಟೇ. ಅದರ ತಳದಲ್ಲಿ ಕಿಡಿ ಹೊತ್ತಿಸುವ ಕೇಪು, ಹೊಟ್ಟೆಯಲ್ಲಿ ಕರಿಮದ್ದು, ಬಾಯಲ್ಲಿ ಸೀಸದ ಗುಂಡು. ಹಾರಿಸಿದ ಮೇಲೆ ಕೊಳವೆಯನ್ನು ಬಿಸಾಡುವಂತಿಲ್ಲ. ತೊಳೆದು, ಒಣಗಿಸಿ, ಮತ್ತೆ ತುಂಬಬೇಕು.

ಹಾರಿಸುವವನು ಅವನು. ತುಂಬುವವಳು ಅವನ ಹೆಂಡತಿ.

ಅವಳ ತಂದೆ ಕೋವಿ ಹಿಡಿದು ಬೇಟೆಯಾಡುವ ಈಡುಗಾರನಾಗಿದ್ದ. ಅವಳು ಲಂಗ ಉಡುವ ವಯಸ್ಸಿನಲ್ಲೇ ಈ ಕೆಲಸ ಕಲಿತಿದ್ದಳು. ಗಂಡನ ಮನೆಗೆ ಬರುವಾಗ ಮದ್ದು ಅಳೆಯುವ ಒಂದು ಬಿದಿರಿನ ಅಳತೆಯನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದಳು. ಮಧ್ಯಾಹ್ನ ಒಲೆಯ ಕೆಂಡ ಪೂರ್ತಿ ಆರಿದ ಮೇಲೆ, ನೆಲ ಒರೆಸಿ, ಹಿತ್ತಿಲ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಅವನು ಕಾವಲು ಮುಗಿಸಿ ಬಂದು ಮಲಗಿರುತ್ತಿದ್ದ. ಅವಳು ಹೆಗಲು ಅಲುಗಿಸಿ ಎಬ್ಬಿಸುತ್ತಿದ್ದಳು. ಅವನು ಏಳುವಾಗ ತುಂಬಿದ ತೋಟಾಗಳು ಒಂದು ಬಟ್ಟೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಅವನು ಎತ್ತಿಕೊಂಡು ಹೋಗುತ್ತಿದ್ದ. ಹೇಗೆ ತುಂಬಿದೆ ಎಂದು ಒಂದು ದಿನವೂ ಕೇಳಲಿಲ್ಲ. ಮುದ್ದೆ ಉಣ್ಣುವವನು ಹಿಟ್ಟು ಬೀಸಿದ್ದು ಹೇಗೆ ಎಂದು ಕೇಳುತ್ತಾನೆಯೇ?

ಹಂದಿ ಬಿದ್ದಾಗಲೆಲ್ಲ ಊರವರು ಅವನ ಗುರಿಯನ್ನು ಹೊಗಳುತ್ತಿದ್ದರು. ಅವನೂ ಅದನ್ನೇ ನಂಬಿದ್ದ. ವಯಸ್ಸಾಗುತ್ತ ಬಂದ ಹಾಗೆ ಇನ್ನೊಂದು ಮಾತು ಸೇರಿಸಿಕೊಂಡಿದ್ದ. ನನ್ನ ಹೆಗಲಿಗೆ ಇನ್ನೂ ವಯಸ್ಸಾಗಿಲ್ಲ, ಕೋವಿಯ ಒದೆ ನನಗೆ ಗೊತ್ತೇ ಆಗುವುದಿಲ್ಲ ಎಂದು ಜಗಲಿಯ ಮೇಲೆ ಕೂತು ಹೇಳುತ್ತಿದ್ದ. ಅವಳು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಅವಳದೊಂದು ಅಭ್ಯಾಸವಿತ್ತು. ಉಪ್ಪಿಟ್ಟಿಗೆ ರವೆ ಹುರಿದಾಗಲೆಲ್ಲ ಒಂದು ಹಿಡಿ ತೆಗೆದು ಸಣ್ಣ ಡಬ್ಬಿಗೆ ಹಾಕಿ ಮುಚ್ಚಿಡುತ್ತಿದ್ದಳು. ಗುಬ್ಬಿಗಳಿಗೆ ಹಾಕಲಿಕ್ಕೆ ಇರಬೇಕು ಎಂದುಕೊಂಡು ಅವನು ಒಮ್ಮೆ ತಮಾಷೆ ಮಾಡಿದ.

"ಏನೇ, ಗುಬ್ಬಿಗೂ ಹುರಿದ ರವೆಯೇ ಆಗಬೇಕೋ?"

"ಹೂಂ. ನಿಮ್ಮ ಗುಬ್ಬಿ ಹಸಿಯದನ್ನು ಒಲ್ಲದು," ಎಂದಳು.

ಅವನು ನಕ್ಕು ಉಪ್ಪಿಟ್ಟು ತಿಂದು ಎದ್ದ.

ಇನ್ನೂ ಒಂದು ಇತ್ತು. ಅವನು ಕಾವಲು ಕೂರುವ ಅಟ್ಟಣೆ ಮೊದಲು ಗುಡ್ಡದ ಮೇಲೆ, ಒಂದು ದೊಡ್ಡ ಮರದಲ್ಲಿತ್ತು. ಅವಳು ಅದನ್ನು ಕೆಳಕ್ಕೆ, ಹೊಲದ ಬದುವಿಗೇ ತರಿಸಿದಳು. ಗಂಜಿ ಹೊತ್ತುಕೊಂಡು ಅಷ್ಟು ಮೇಲೆ ಹತ್ತಲಿಕ್ಕೆ ನನ್ನ ಕೈಲಾಗುವುದಿಲ್ಲ ಅಂದಳು. ಅವನು ಗೊಣಗುತ್ತಲೇ ಬಿಚ್ಚಿ ತಂದು ಕಟ್ಟಿದ.

ಆಷಾಢದಲ್ಲಿ ಅವಳಿಗೆ ಜ್ವರ ಬಂತು. ಮಲಗಿದವಳು ಏಳಲಿಲ್ಲ.

ದಿನ ಕರ್ಮ ಮುಗಿಯಿತು. ಬಂದ ನೆಂಟರು ಅವಳ ಸೀರೆಗಳನ್ನು ಹಂಚಿಕೊಂಡು ಹೋದರು. ಅವನು ಒಬ್ಬನೇ ಉಳಿದ. ಕಾವಲು ಮುಗಿಸಿ ಬಂದು ಬಾಗಿಲು ತಳ್ಳುವಾಗ 'ಬಂದೆ' ಅನ್ನುವುದು ಅವನ ರೂಢಿ. ಅಂದ ಮೇಲೆ ನೆನಪಾಗುತ್ತಿತ್ತು. ಒಳಗೆ ಹೋಗಿ ಹುರಿಹಿಟ್ಟನ್ನು ನೀರಿಗೆ ಕಲಸಿ ಕುಡಿದು ಮಲಗುತ್ತಿದ್ದ. ಒಲೆ ಹೊತ್ತಿಸಲಿಲ್ಲ. ಎಬ್ಬಿಸುವವರಿಲ್ಲದೆ ತಾನಾಗಿಯೇ ಎಚ್ಚರವಾಗುತ್ತಿತ್ತು. ಎದ್ದು ಕೂತರೆ ಬಟ್ಟೆಯ ಮೇಲೆ ಏನೂ ಇರುತ್ತಿರಲಿಲ್ಲ.

ಅವಳು ತುಂಬಿಟ್ಟಿದ್ದ ತೋಟಾಗಳು ಮಳೆಗಾಲದಲ್ಲಿ ಒಂದೊಂದಾಗಿ ಮುಗಿದವು. ಕಡೆಗೆ ಒಂದೇ ಒಂದು ಉಳಿಯಿತು. ಅವನು ಅದನ್ನು ಗೋಡೆಯ ಗೂಡಿನಲ್ಲಿ, ಅವಳ ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟ. ತೋಟಾದ ಬಾಯಿಗೆ ತೇವ ಹೋಗದಂತೆ ಅವಳು ಜೇನುಮೇಣ ಬಳಿದು ಒತ್ತುತ್ತಿದ್ದಳು. ಆ ಮೇಣದಲ್ಲಿ ಅವಳ ಹೆಬ್ಬೆರಳಿನ ಗುರುತು ಹಾಗೆಯೇ ಇತ್ತು. ಅವಳ ಬೆರಳಿನ ಗುರುತು ಎಂದು ಆ ಮನೆಯಲ್ಲಿ ಉಳಿದದ್ದು ಅದೊಂದೇ.

ರಾಗಿ ತೆನೆ ಬಲಿಯುವ ಹೊತ್ತಿಗೆ ಒಂದು ಒಂಟಿ ಹಂದಿ ಗುಡ್ಡ ಇಳಿಯತೊಡಗಿತು. ಹಿಂಡಿನಿಂದ ಹೊರಬಿದ್ದ ಮುದಿ ಹಂದಿ. ಬೆಂಕಿಗೆ ಹೆದರಲಿಲ್ಲ, ಡಬ್ಬ ಬಡಿದರೆ ತಿರುಗಿ ನೋಡಲಿಲ್ಲ. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಒಂದು ಬೆಳಗ್ಗೆ ಹುಲ್ಲು ಕೊಯ್ಯಲು ಹೋದ ನೆರೆಮನೆಯ ಸೊಸೆಯ ತೊಡೆ ಸೀಳಿತು. ಅವಳು ಬದುಕಿಕೊಂಡಳು. ಆದರೆ ಅಂದಿನಿಂದ ಹೆಂಗಸರು ಹೊಲಕ್ಕೆ ಇಳಿಯುವುದನ್ನು ಬಿಟ್ಟರು. ಬಲಿತ ತೆನೆ ಹಾಗೆಯೇ ನಿಂತಿತ್ತು. ಊರು ಕಾವಲುಗಾರನ ಕಡೆ ನೋಡಿತು.

ಅವನು ಪೇಟೆಯಿಂದ ಮದ್ದು ತಂದ. ಅವಳು ಕೂರುತ್ತಿದ್ದ ಜಾಗದಲ್ಲಿ ಕೂತ. ಜೀವಮಾನದಲ್ಲಿ ಮೊದಲ ಸಲ ಆ ಬಿದಿರಿನ ಅಳತೆಯನ್ನು ಕೈಗೆ ತೆಗೆದುಕೊಂಡ. ಅದರ ಮೇಲೆ ಒಂದರ ಕೆಳಗೊಂದು ಸಣ್ಣ ಕಚ್ಚುಗಳಿದ್ದವು. ಹಳೆಯ ಬಿದಿರು, ಸೀಳು ಬಿಟ್ಟಿದೆ ಎಂದುಕೊಂಡ. ಅಳತೆಯ ಬಾಯಿವರೆಗೆ ಮದ್ದು ತುಂಬಿ ತೋಟಾಕ್ಕೆ ಸುರಿದ. ಅದು ಕಂಠದವರೆಗೆ ಬಂತು. ಮೇಲೆ ಗುಂಡು ಒತ್ತಿದ. ಇಷ್ಟೇ ತಾನೇ ಅನ್ನಿಸಿತು.

ಗುರಿಗೆ ಇಡಲು ಮೂಲೆಯಲ್ಲಿದ್ದ ಹಳೆಯ ಮೊರವನ್ನು ತೆಗೆದುಕೊಂಡ. ಬಾಗಿಲವರೆಗೆ ಹೋದವನು ನಿಂತ. ಮೊರದ ತೂತುಗಳಿಗೆ ಅವಳು ಮೆಂತ್ಯ ರುಬ್ಬಿ, ಕಾಗದ ನೆನೆಸಿ ಬಳಿದಿದ್ದಳು. ಅವನು ಮೊರವನ್ನು ತಿರುಗಿ ಅದೇ ಮೂಲೆಗೆ ಇಟ್ಟ. ಒಂದು ಮುರುಕು ಹಲಗೆ ಹುಡುಕಿಕೊಂಡು ಹೋದ.

ಗುಡ್ಡದ ಹಿಂದೆ ಹಲಗೆ ನಿಲ್ಲಿಸಿ ಸುಣ್ಣದ ಬೊಟ್ಟು ಇಟ್ಟ. ಬಂಡೆಯ ಮೇಲೆ ಹೊಟ್ಟಿನ ಚೀಲ ಹಾಸಿ ಅದರ ಮೇಲೆ ಕೋವಿ ಊರಿದ. ಹಾರಿಸಿದ. ಕೋವಿ ಕತ್ತೆಯ ಹಾಗೆ ಒದೆಯಿತು. ಗುಂಡು ಹಲಗೆಯ ಮೇಲಿಂದ ಎತ್ತಲೋ ಹಾರಿಹೋಯಿತು. ಅಂದು ಸಂಜೆ ತಲೆಗೆ ಟವಲು ಸುತ್ತಲು ಅವನ ಕೈ ಮೇಲೇಳಲಿಲ್ಲ. ಇಷ್ಟು ವರ್ಷ ಒದೆಯದ ಕೋವಿ ಇವತ್ತು ಯಾಕೆ ಒದೆಯಿತು ಎಂದು ಅವನಿಗೆ ತಿಳಿಯಲಿಲ್ಲ. ಮುದುಕನಾದೆ, ಒಂದೇ ದಿನಕ್ಕೆ ಮುದುಕನಾದೆ ಎಂದುಕೊಂಡ.

ನೋವು ಇಳಿದ ಮೇಲೆ ಅರ್ಧ ಅಳತೆ ಹಾಕಿ ನೋಡಿದ. ಸದ್ದು ಖಾಲಿ ಕೊಡ ಉರುಳಿದ ಹಾಗೆ ಬಂತು. ಗುಂಡು ಹಲಗೆಗೆ ಇನ್ನೂ ದೂರವಿರುವಾಗಲೇ ಮಣ್ಣಿಗೆ ಬಿತ್ತು. ಅಷ್ಟೇ ಮದ್ದು ಹಾಕಿ ಇನ್ನೊಂದು ಹಾರಿಸಿದ. ಅದು ಎಡಕ್ಕೆ ಹೋಯಿತು. ಮತ್ತೊಂದು ತಕ್ಷಣ ಹಾರಲಿಲ್ಲ; ಕೇಪು ಸಿಡಿದು ಒಂದು ಉಸಿರು ಕಳೆದ ಮೇಲೆ ಢಂ ಎಂದಿತು. ಅಷ್ಟು ಹೊತ್ತಿಗೆ ಅವನ ಕಣ್ಣು ಗುರಿಯಿಂದ ಕದಲಿತ್ತು. ಅಳತೆ ಒಂದೇ. ಕೋವಿ ಒಂದೇ. ಪ್ರತಿ ಸಲವೂ ಬೇರೆ ದನಿ.

ಊರಿನವರಿಗೆ ಗುಡ್ಡದ ಹಿಂದಿನ ಸದ್ದು ಕೇಳುತ್ತಿತ್ತು. ಹಂದಿಗೆ ಈಗ ಈಡಿನ ಸದ್ದು ಕೇಳಿದರೆ ಊಟಕ್ಕೆ ಕರೆದರು ಅನ್ನಿಸುತ್ತದೆ, ಎಲೆ ಹಾಕುವುದಷ್ಟೇ ಬಾಕಿ ಎಂದು ಅರಳಿಕಟ್ಟೆಯಲ್ಲಿ ಒಬ್ಬ ಹೇಳಿದ. ಉಳಿದವರು ನಕ್ಕರು. ಕಾವಲುಗಾರ ಅಲ್ಲೇ ಹಾದು ಹೋಗುತ್ತಿದ್ದ. ಅವನಿಗೂ ನಗು ಬರಬೇಕಿತ್ತು. ಮೊದಲಾಗಿದ್ದರೆ ಮನೆಗೆ ಹೋಗಿ ಅವಳಿಗೆ ಹೇಳಿ ನಗುತ್ತಿದ್ದ.

ಅವನು ಕೋವಿ ಎತ್ತಿಕೊಂಡು ಪಕ್ಕದ ಊರಿನ ಕಮ್ಮಾರನ ಹತ್ತಿರ ಹೋದ. ಕಮ್ಮಾರ ನಳಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಹೊರಗಿನಿಂದ ಹೆಬ್ಬೆರಳು ಆಡಿಸುತ್ತ ಬಂದ. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಉಂಗುರ ತೊಡಿಸಿದ ಹಾಗೆ ಸಣ್ಣ ಉಬ್ಬು ಬಂದಿತ್ತು.

"ಮಾವ, ಮದ್ದು ಜಾಸ್ತಿ ಹಾಕಿ ಕೋವಿ ಕೆಡಿಸಿದವರನ್ನು ಕಂಡಿದ್ದೇನೆ. ನೀನು ಕಡಿಮೆ ಹಾಕಿ ಕೆಡಿಸುತ್ತಿದ್ದೀಯಲ್ಲ."

"ಕಡಿಮೆ ಮದ್ದು ಏನು ಮಾಡೀತು, ಆಚಾರಿ?"

"ಕೆಡಿಸಿದ್ದು ಮದ್ದಲ್ಲ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಬಿಟ್ಟಿದ್ದೀಯಲ್ಲ, ಅದು. ಖಾಲಿ ಇದ್ದರೆ ಮದ್ದು ಒಳಗೆ ಚೆಲ್ಲಾಡುತ್ತದೆ. ಬೆಂಕಿ ಅಲ್ಲಿ ಓಡಿ ಬಂದು ಗುಂಡಿಗೆ ಗುದ್ದುತ್ತದೆ. ಇನ್ನು ನಾಲ್ಕು ಸಲ ಹೀಗೇ ಹಾರಿಸು, ನಳಿಗೆ ಸೀಳುತ್ತದೆ. ಅದರ ಜೊತೆಗೆ ನಿನ್ನ ಮುಖವೂ."

ಹಾಗಾದರೆ ಆ ಖಾಲಿಯಲ್ಲಿ ಏನು ತುಂಬಬೇಕು ಎಂದು ಕಾವಲುಗಾರ ಕೇಳಿದ. ಕಬ್ಬಿಣದ ಮಾತು ಕೇಳು ಹೇಳುತ್ತೇನೆ, ತುಂಬುವ ಮಾತು ಒಂದೊಂದು ಮನೆಯದು ಒಂದೊಂದು ಎಂದ ಕಮ್ಮಾರ. ನಿನ್ನ ಹೆಂಡತಿ ಏನು ತುಂಬುತ್ತಿದ್ದಳೋ ಅದನ್ನೇ ತುಂಬು. ಅವಳು ತುಂಬಿದ್ದು ಯಾವುದಾದರೂ ಉಳಿದಿದ್ದರೆ ಬಿಚ್ಚಿ ನೋಡು.

ಉಳಿದಿದೆ ಎಂದು ಕಾವಲುಗಾರ ಹೇಳಲಿಲ್ಲ.

ಮನೆಗೆ ಬಂದು ತನಗೆ ತೋಚಿದ್ದನ್ನು ತುಂಬಿದ. ಬಟ್ಟೆ ಚೂರು ತುರುಕಿ ಹಾರಿಸಿದರೆ ಅದು ಉರಿಯುತ್ತ ಹೋಗಿ ಒಣಹುಲ್ಲಿಗೆ ಬಿತ್ತು. ಕಂಬಳಿಯಿಂದ ಬಡಿದು ಬಡಿದು ಆರಿಸಿದ. ಬೂದಿ ತುಂಬಿದ. ಬೂದಿ ಮದ್ದಿನ ಜೊತೆ ಬೆರೆತುಹೋಯಿತು. ಕೋವಿ ಸುಯ್ ಎಂದಿತು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿತು. ಅದನ್ನು ಕೋಲಿನಿಂದ ಕುಟ್ಟಿ ಹೊರಗೆ ಹಾಕುವಷ್ಟರಲ್ಲಿ ಬೆಳಗ್ಗೆ ಪೂರ್ತಿ ಹೋಯಿತು. ಕೆಲಸ ಮಾಡುವಾಗಲೆಲ್ಲ ಅವನು ಗೂಡಿಗೆ ಬೆನ್ನು ಹಾಕಿ ಕೂರುತ್ತಿದ್ದ.

ಊರ ಗೌಡ ಮನೆಗೇ ಬಂದ. ಒರಟಾಗಿ ಮಾತಾಡಲಿಲ್ಲ. ಜಗಲಿಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಮೇಲಿನ ಊರಿನಲ್ಲಿ ಒಬ್ಬ ಹುಡುಗ ಕೋವಿ ಇಟ್ಟುಕೊಂಡಿದ್ದಾನೆ ಎಂದ. ನಾಡಿದ್ದಿನಿಂದ ಅವನೇ ಅಟ್ಟಣೆಯಲ್ಲಿ ಕೂರಲಿ ಎಂದು ಊರವರು ಅನ್ನುತ್ತಿದ್ದಾರೆ. ನೀನು ಬೇಕಾದಷ್ಟು ದುಡಿದಿದ್ದೀಯ, ಇನ್ನು ಮನೆಯಲ್ಲಿ ಆರಾಮಾಗಿರು. ಕಾವಲುಗಾರ ಮನೆಯ ಒಳಗೆ ತಿರುಗಿ ನೋಡಿದ. ಆ ಮನೆಯಲ್ಲಿ ಆರಾಮಾಗಿರುವುದು ಹೇಗೆ ಎಂದು ಅವನಿಗೆ ಗೊತ್ತಾಗಲಿಲ್ಲ. ರಾತ್ರಿ ಹೋಗಿ ಕೂರಲಿಕ್ಕೆ ಆ ಅಟ್ಟಣೆಯೂ ಇಲ್ಲದೆ ಹೋದರೆ ಅವನಿಗೆ ಹೋಗುವ ಜಾಗವೇ ಇರಲಿಲ್ಲ.

ಗೌಡ ಹೋದ ಮೇಲೆ ಅವನು ಗೂಡಿನ ಮುಂದೆ ನಿಂತ. ಅವಳ ತೋಟಾವನ್ನೇ ಹಾರಿಸಿದರೆ ಹಂದಿ ಬೀಳಬಹುದು. ಆಮೇಲೆ ಇನ್ನೊಂದು ಹಂದಿ ಬಂದರೆ ತನ್ನ ಕೈ ಮತ್ತೆ ಬರಿಗೈ. ಬಿಚ್ಚಿದರೆ ತಿಳಿಯಬಹುದು. ಬಿಚ್ಚಿದರೆ ಆ ಹೆಬ್ಬೆರಳಿನ ಗುರುತು ಹೋಗುತ್ತದೆ. ಹಾಗೇ ಇಟ್ಟುಕೊಂಡರೆ ಗುರುತೊಂದು ಇರುತ್ತದೆ. ಬೇರೆ ಏನೂ ಇರುವುದಿಲ್ಲ. ಅವನು ಕೈ ಚಾಚಿದ, ಹಿಂದಕ್ಕೆ ತೆಗೆದುಕೊಂಡ. ಹೊರಗೆ ಹೋದ.

ನೆರೆಮನೆಯ ಸೊಸೆ ಅವರ ಜಗಲಿಯ ಮೇಲೆ ಮಲಗಿದ್ದಳು. ತೊಡೆಗೆ ಸೊಪ್ಪು ಅರೆದು ಕಟ್ಟಿದ್ದರು. ಅವಳ ಕೂಸು ಎತ್ತಿಕೋ ಎಂದು ಕೈ ಚಾಚಿ ಅಳುತ್ತಿತ್ತು, ಅವಳಿಗೆ ಏಳಲಾಗುತ್ತಿರಲಿಲ್ಲ. ಅವನನ್ನು ಕಂಡು, ಅಕ್ಕ ಇದ್ದಿದ್ದರೆ ಎಂದವಳು ಮಾತು ನುಂಗಿಕೊಂಡಳು. ಮುಖ ಆಚೆಗೆ ತಿರುಗಿಸಿದಳು. ಅವನು ಅಳುವ ಕೂಸನ್ನು ಎತ್ತಿ ಅವಳ ಮಗ್ಗುಲಲ್ಲಿ ಮಲಗಿಸಿದ. ಮನೆಗೆ ಬಂದು ಗೂಡಿನಿಂದ ತೋಟಾ ತೆಗೆದ.

ಅವಳ ಹೆಬ್ಬೆರಳಿನ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟ. ಅವನದು ದೊಡ್ಡದು, ಗುರುತು ಕಾಣದಾಯಿತು. ತೋಟಾವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತ. ಕೈಯ ಕಾವಿಗೆ ಮೇಣ ಮೆಲ್ಲಗೆ ಮೆತ್ತಗಾಯಿತು. ಇವನು ಕೀಳಬೇಕಾಗಲಿಲ್ಲ, ಗುಂಡು ತಾನೇ ಸಡಿಲವಾಗಿ ಕೈಗೆ ಬಂತು.

ತೋಟಾವನ್ನು ತಟ್ಟೆಗೆ ಬಗ್ಗಿಸಿದ. ಮೊದಲು ಬಿದ್ದದ್ದು ಕರಿಯದಲ್ಲ. ಸಣ್ಣ ಸಣ್ಣ ಕಾಳು, ಕೆಂಬಣ್ಣಕ್ಕೆ ತಿರುಗಿದ್ದು. ಬೆರಳಿನಲ್ಲಿ ಒತ್ತಿ ನೋಡಿದ. ಮೂಸಿದ. ಹುರಿದ ರವೆ.

ಅವನು ತುಂಬಾ ಹೊತ್ತು ತಟ್ಟೆಯನ್ನು ನೋಡುತ್ತ ಕೂತ. ನಿಮ್ಮ ಗುಬ್ಬಿ ಎಂದಿದ್ದಳು. ಅವನ ಬಾಯಿಂದ ಒಂದು ಸದ್ದು ಬಂತು. ನಗುವಿನ ಹಾಗಿತ್ತು, ಪೂರ್ತಿ ನಗುವಲ್ಲ. ಆಷಾಢದಿಂದ ಈಚೆಗೆ ಆ ಗೋಡೆಗಳು ಅಂಥ ಸದ್ದು ಕೇಳಿರಲಿಲ್ಲ.

ರವೆಯ ಕೆಳಗಿದ್ದ ಮದ್ದನ್ನು ಬಿದಿರಿನ ಅಳತೆಗೆ ಸುರಿದ. ಅದು ಬಾಯಿಯವರೆಗೆ ಬರಲಿಲ್ಲ. ಅರ್ಧಕ್ಕೂ ಮುಟ್ಟಲಿಲ್ಲ. ಎಲ್ಲಕ್ಕಿಂತ ಕೆಳಗಿನ ಕಚ್ಚಿಗೆ ಸರಿಯಾಗಿ ನಿಂತಿತು. ಆಗ ಅವನು ಬಿದಿರನ್ನು ಬೆಳಕಿಗೆ ಹಿಡಿದ. ಅವು ಸೀಳುಗಳಲ್ಲ. ಚಾಕುವಿನಿಂದ ಮಾಡಿದ ಗೀರುಗಳು. ಮೇಲಿನದು ಹಳೆಯದು, ಕೈಯ ಜಿಡ್ಡಿಗೆ ಕಪ್ಪಾಗಿತ್ತು. ಅದರ ಕೆಳಗಿನದು ಅಷ್ಟು ಹಳೆಯದಲ್ಲ. ಕೆಳಗಿಳಿದಂತೆ ಗೀರು ಹೊಸದು. ಅವನ ಹೆಗಲು ಸೋಲುತ್ತ ಬಂದ ಹಾಗೆ ಅವಳು ಮದ್ದು ಇಳಿಸುತ್ತ ಬಂದಿದ್ದಳು. ಮದ್ದು ಇಳಿಸಿದಷ್ಟೂ ರವೆ ಏರಿಸಿದ್ದಳು. ಗುಂಡು ದೂರ ಹೋಗದು ಎಂದು ಅಟ್ಟಣೆಯನ್ನು ಹತ್ತಿರಕ್ಕೆ ತರಿಸಿದ್ದಳು. ಗಂಜಿ ಹೊರಲಾಗದು ಎಂದು ತನ್ನ ಮೇಲೆ ಹಾಕಿಕೊಂಡಿದ್ದಳು. ಅವನು ಜಗಲಿಯ ಮೇಲೆ ಕೂತು ಹೆಗಲು ತಟ್ಟಿಕೊಳ್ಳುತ್ತಿದ್ದ.

ಅವಳ ಸಣ್ಣ ಡಬ್ಬಿ ಬರಿದಾಗಿತ್ತು. ನೆರೆಮನೆಯಿಂದ ಒಂದು ಬಟ್ಟಲು ರವೆ ತಂದ. ಹಾಗೆಯೇ ತೋಟಾಕ್ಕೆ ಸುರಿಯಲು ಹೋದವನು ಕೈ ತಡೆದ. ಗುಬ್ಬಿ ಹಸಿಯದನ್ನು ಒಲ್ಲದು. ಹಸಿ ರವೆಯಲ್ಲಿ ತೇವ ಇರುತ್ತದೆ, ತೇವ ಮದ್ದಿಗೆ ಇಳಿಯುತ್ತದೆ. ಅವಳು ತಮಾಷೆಯಲ್ಲೇ ಹೇಳಿಬಿಟ್ಟಿದ್ದಳು. ಅವನು ಮದ್ದನ್ನು ಹೊರಗೆ, ದನದ ಕೊಟ್ಟಿಗೆಯ ಆಚೆಗೆ ಇಟ್ಟು ಬಂದ. ಒಲೆಯ ಮುಂದೆ ಕೂತ. ಬೂದಿಯಲ್ಲಿ ಅವಳ ಕಾಲದ ಇದ್ದಿಲ ಚೂರುಗಳು ಹಾಗೆಯೇ ಇದ್ದವು. ಅವುಗಳ ಮೇಲೆಯೇ ಸೌದೆ ಒಟ್ಟಿ ಬೆಂಕಿ ಮಾಡಿದ. ಮೊದಲ ಸಲ ರವೆ ಸೀದು ಕರಿಯಾಯಿತು. ಎರಡನೆಯ ಸಲ ಕೈ ನಿಲ್ಲಿಸದೆ ತಿರುವಿದ. ಘಮ ಬಂತು. ಆ ಘಮಕ್ಕೆ ಅವನ ಕೈ ಒಂದು ಕ್ಷಣ ನಿಂತಿತು. ಮತ್ತೆ ತಿರುವಿದ.

ಕೆಂಡ ಪೂರ್ತಿ ಆರುವವರೆಗೆ ಕಾದ. ನೆಲ ಒರೆಸಿದ. ಹಿತ್ತಿಲ ಬಾಗಿಲು ಮುಂದೆ ಮಾಡಿಕೊಂಡು ಕೂತ. ಕೆಳಗಿನ ಗೀರಿನವರೆಗೆ ಮದ್ದು. ಅದರ ಮೇಲೆ, ಗುಂಡು ಬಂದು ಕೂರುವಷ್ಟು ಜಾಗ ಬಿಟ್ಟು, ರವೆ. ಅದರ ಮೇಲೆ ಗುಂಡು. ಮೇಣ ಬಳಿದು ಹೆಬ್ಬೆರಳಿನಿಂದ ಒತ್ತಿದ. ಅವಳ ತೋಟಾವನ್ನೂ ಹಾಗೆಯೇ ತುಂಬಿದ. ಉಳಿದವುಗಳ ಜೊತೆ ಬಟ್ಟೆಯ ಮೇಲೆ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಅವಳದು ಯಾವುದು ಎಂದು ಅವನಿಗೇ ಗೊತ್ತಾಗಲಿಲ್ಲ.

ಬಿಸಿಲು ಇಳಿಯುವ ಮುಂಚೆ ಗುಡ್ಡದ ಹಿಂದಕ್ಕೆ ಹೋದ. ಹಲಗೆಯನ್ನು ಅಟ್ಟಣೆಯಿಂದ ಹೊಲದ ನಡುವಿಗೆ ಇರುವಷ್ಟು ದೂರಕ್ಕೆ ತಂದು ನಿಲ್ಲಿಸಿದ. ಬಂಡೆಗೆ ಒರಗಿ ಕೋವಿ ಊರಿದ. ಹಾರಿಸಿದ.

ಗುಂಡು ಬೊಟ್ಟಿಗೆ ತಾಗಿತು. ಅವನು ಅದನ್ನು ಆಮೇಲೆ ನೋಡಿದ. ಮೊದಲು ಅವನಿಗೆ ತಿಳಿದದ್ದು ಹೆಗಲು. ಕೋವಿ ಒದೆಯಲಿಲ್ಲ. ಹೆಗಲನ್ನು ಮೆಲ್ಲಗೆ ತಳ್ಳಿತು. ಮಲಗಿದವನನ್ನು ಏಳಿ, ಹೊತ್ತಾಯಿತು ಎಂದು ಅಲುಗಿಸಿ ಎಬ್ಬಿಸಿದ ಹಾಗೆ. ಇಷ್ಟು ವರ್ಷ ತನ್ನ ಹೆಗಲು ಗಟ್ಟಿಯಾಗಿರುವುದಕ್ಕೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ ಒದೆ ಅದೇ.

ಇನ್ನೊಂದು ಹಾರಿಸಿದ. ಅದೇ ದನಿ. ಅದೇ ಜಾಗ. ಅವನು ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗುಡ್ಡದ ನೆರಳು ಕಾಲಿನವರೆಗೆ ಬರುವ ತನಕ ಅಲ್ಲೇ ಕೂತಿದ್ದ.

ಮಾರನೆಯ ಬೆಳಗ್ಗೆ, ಇಬ್ಬನಿ ಇರುವಾಗಲೇ, ಹಂದಿ ಇಳಿಯಿತು. ಹೊಲದ ಅಂಚಿಗೆ ಬಂದು ನಿಂತು ಮೂಗು ಎತ್ತಿತು. ಅವನು ಹತ್ತಿರಕ್ಕೆ ಬಿಟ್ಟುಕೊಂಡ. ಅಟ್ಟಣೆಯ ಕಾಲಿನ ಹತ್ತಿರದವರೆಗೆ ಬಿಟ್ಟುಕೊಂಡ. ಒಂದೇ ಈಡು. ಹಂದಿ ಇದ್ದಲ್ಲೇ ಮಂಡಿಯೂರಿತು.

ಊರವರು ಓಡಿ ಬಂದರು. ಮುದುಕನ ಗುರಿ ಎಲ್ಲೂ ಹೋಗಿಲ್ಲ ಎಂದರು. ಅರಳಿಕಟ್ಟೆಯಲ್ಲಿ ನಕ್ಕವನೇ ಮೊದಲು ಹೇಳಿದ. ಮೇಲಿನ ಊರಿನ ಹುಡುಗನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಕಾವಲುಗಾರ, ಗುರಿ ನನ್ನದಲ್ಲ ಎಂದ. ಏನೋ ವಿನಯಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರು. ಅವನು ಬಿಡಿಸಿ ಹೇಳಲು ಹೋಗಲಿಲ್ಲ. ಬಿಸಿನೀರು ಹುಯ್ದು ನಳಿಗೆ ತೊಳೆದ. ಉಳಿದ ರವೆಯಲ್ಲಿ ಒಂದು ಹಿಡಿ ತೆಗೆದು ಸಣ್ಣ ಡಬ್ಬಿಗೆ ಹಾಕಿ ಮುಚ್ಚಿದ. ಮಿಕ್ಕದ್ದಕ್ಕೆ ಎಸರಿಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವಯ್ಯನ ಮುಂದಿನ ಹುಣಸೆಹಣ್ಣು ಹಾಗೆಯೇ ಇತ್ತು. ಅವನು ಇನ್ನೂ ಏನೋ ಬರುತ್ತದೆ ಎಂದು ಕಾದ. ಬರಲಿಲ್ಲ.

"ರವೆ ಉರಿಯಲಿಲ್ಲ," ಎಂದ ಅಡವಯ್ಯ. "ಹಂದಿಗೆ ಹೋಗಿ ತಾಗಲೂ ಇಲ್ಲ. ಹಾಗಾದರೆ ಅದು ಮಾಡಿದ್ದೇನು, ಗುರುಗಳೇ?"

ಗುರುಗಳು ಬೀಜಗಳನ್ನು ಒಂದು ಕಡೆಗೆ ಗುಡಿಸಿದರು. ಹಣ್ಣನ್ನು ಮಡಕೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದರು. ಕೆರೆಯ ಕಡೆಗೆ ನೋಡಿದರು. ಬಿಸಿಲು ಏರಿಯ ಮೇಲಕ್ಕೆ ಸರಿದಿತ್ತು.

"ನಿನ್ನೆ ಸಂಜೆ ಗಾಣಿಗ ಈ ಜಗಲಿಯವರೆಗೆ ನಡೆದು ಬಂದಿದ್ದ, ಆ ಹುಡುಗ ಇವತ್ತು ಯಾಕೆ ಬರಲಿಲ್ಲ ಎಂದು ಕೇಳಿ ಹೋದ."

ಅಡವಯ್ಯ ಎದ್ದು ಕೆರೆಯ ಏರಿಯ ದಾರಿ ಹಿಡಿದ.